‘ವಸಂತಸೇನೆ’ ಮೂಕಿಚಿತ್ರದ ಕಥೆಯನ್ನು ಇಂದು ತಿಳಿಯುವುದು ಹೇಗೆ?

ಪ್ರಶ್ನೆ: ಮೋಹನ್ ಭವನಾನಿಯವರು ನಿರ್ದೇಶಿಸಿದ, ಟಿ.ಪಿ. ಕೈಲಾಸಂ ಮತ್ತು ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ನಟಿಸಿದ್ದ ‘ವಸಂತಸೇನೆ’ ನಮ್ಮ ಕಾಲಕ್ಕೆ ಉಳಿದು ಬರಲಿಲ್ಲವೆಂಬುದು ನನ್ನನ್ನು ಬಹಳ ನೋಯಿಸುತ್ತದೆ. ಅದರ ಕಥೆಯನ್ನಾದರೂ ಅರಿಯುವ ದಾರಿ ಯಾವುದು?

ಉತ್ತರ 1: ಅದರ ಮೂಲವಾದ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಓದಿರಿ. ಉಜ್ಜಯಿನಿಯ ವಸಂತಸೇನೆ ಬಡವನಾದ ಚಾರುದತ್ತನನ್ನು ಪ್ರೀತಿಸುವುದನ್ನು ಸಹಿಸದ ರಾಜನ ಮೈದುನ ಶಕಾರನು ಉದ್ಯಾನದಲ್ಲಿ ಅವಳ ಕುತ್ತಿಗೆ ಹಿಸುಕಿ, ಸತ್ತಳೆಂದು ಭಾವಿಸಿ ಒಣಗಿದ ಎಲೆಗಳಿಂದ ಮುಚ್ಚಿ, ಆ ಕೊಲೆಯನ್ನು ಚಾರುದತ್ತನ ಮೇಲೆಯೇ ಹೊರಿಸುತ್ತಾನೆ. ಬೌದ್ಧ ಭಿಕ್ಷುವೊಬ್ಬನ ಆರೈಕೆಯಿಂದ ಬದುಕಿದ ಅವಳು, ಮರಣದಂಡನೆಗೆ ಗುರಿಯಾದ ಚಾರುದತ್ತನನ್ನು ಒಯ್ದ ವಧಾಸ್ಥಾನಕ್ಕೆ ಸಕಾಲದಲ್ಲಿ ತಲುಪುತ್ತಾಳೆ. ಬಳಿಕ ಜನರು ಶಕಾರನನ್ನು ಕೊಲ್ಲಲು ಮುಂದಾದಾಗ, ಶರಣಾಗತನಾದ ಶತ್ರುವನ್ನು ಕೊಲ್ಲಬಾರದೆಂದು ತಡೆಯುವವನು, ಅವನಿಂದಲೇ ಶೂಲದವರೆಗೆ ಹೋಗಿಬಂದ ಚಾರುದತ್ತ. ಮಾತಿಲ್ಲದೆ, ಬರಿಯ ಮುಖಭಾವದಿಂದ ಈ ಕ್ಷಮೆಯನ್ನು ತೋರಿಸುವುದು ಎಷ್ಟು ಕಠಿಣವೆಂದು ನಾನು ಅನೇಕ ಬಾರಿ ಯೋಚಿಸಿದ್ದೇನೆ.

ಉತ್ತರ 2: ಇಂಥ ಚಿತ್ರಗಳು ಉಳಿಯದಿರಲು ಕಾರಣಗಳಿವೆ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು, ತೇವ ಮತ್ತು ಬಿಸಿಲಿಗೆ ಕೊಳೆಯುತ್ತಿತ್ತು, 1931ರಲ್ಲಿ ವಾಕ್ಚಿತ್ರ ಬಂದ ಮೇಲೆ ಮೂಕಿಚಿತ್ರಗಳಿಗೆ ಬೆಲೆಯೂ ಉಳಿಯಲಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಅಷ್ಟರಲ್ಲಿ ಭಾರತದ ಬಹುಪಾಲು ಮೂಕಿಚಿತ್ರಗಳು ನಾಶವಾಗಿದ್ದವು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಂದೇ ನಾಟಕವನ್ನು ಓದಲು ತೊಡಗುತ್ತೇನೆ.