ಅಮ್ಮನ ಐಪ್ಯಾಡ್, ತಮ್ಮನ ಆಂಡ್ರಾಯ್ಡ್, ನನ್ನ ಲಿನಕ್ಸ್: ವೀಡಿಯೊ ಕರೆಗೆ ಯಾವ ದಾರಿ?

ಕೇಳಿದವರು:

ನಮ್ಮ ಮನೆಯ ನಾಲ್ವರು ನಾಲ್ಕು ಕಡೆ ಇದ್ದೇವೆ. ಅಮ್ಮನ ಬಳಿ ಇರುವುದು ಐಪ್ಯಾಡ್, ತಮ್ಮನದು ಆಂಡ್ರಾಯ್ಡ್ ಫೋನು, ಅಕ್ಕನ ಮನೆಯಲ್ಲಿ ವಿಂಡೋಸಿನ ಹಳೆಯ ಕಂಪ್ಯೂಟರು, ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಇಷ್ಟು ವರ್ಷ ಸ್ಕೈಪ್ ಈ ನಾಲ್ಕನ್ನೂ ಹೊಂದಿಸಿಕೊಂಡು ಹೋಗುತ್ತಿತ್ತು. 2025ರ ಮೇ 5ರಂದು ಅದು ಮುಚ್ಚಿದ ಮೇಲೆ ಒಬ್ಬರಿಗೆ ಸಿಗುವ ಸೌಲಭ್ಯ ಇನ್ನೊಬ್ಬರಿಗೆ ಸಿಗದಂತಾಗಿದೆ. ಸ್ಕೈಪ್ ಬಿಟ್ಟರೆ ಅಮ್ಮನಿಗೆ ಗೊತ್ತಿರುವುದು ಆಪಲ್‌ನ ಫೇಸ್‌ಟೈಮ್ ಒಂದೇ. ಹೊಸ ಖಾತೆ, ಹೊಸ ಪಾಸ್‌ವರ್ಡ್ ಎಂದರೆ ಅವರು ಕೈಮುಗಿಯುತ್ತಾರೆ. ಇಂತಹ ತೊಡಕನ್ನು ದಾಟಿದವರು ತಾವು ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಐಪ್ಯಾಡ್ ಇರುವ ಮನೆಯವರೊಬ್ಬರು:

ಫೇಸ್‌ಟೈಮನ್ನು ಪೂರ್ತಿ ಕೈಬಿಡಬೇಕಾಗಿಲ್ಲ. 2010ರಲ್ಲಿ ಅದನ್ನು ಪರಿಚಯಿಸುವಾಗ ಸ್ಟೀವ್ ಜಾಬ್ಸ್ ಅದನ್ನು ಎಲ್ಲರಿಗೂ ಮುಕ್ತವಾದ ಮಾನಕವನ್ನಾಗಿ ಮಾಡುವುದಾಗಿ ಹೇಳಿದ್ದರು. ಆ ಮಾತು ಈಡೇರಲಿಲ್ಲ, ಹನ್ನೊಂದು ವರ್ಷ ಆಪಲ್ ಸಾಧನ ಇಲ್ಲದವರಿಗೆ ಅದರೊಳಗೆ ಪ್ರವೇಶವೇ ಇರಲಿಲ್ಲ. 2021ರಲ್ಲಿ ಬಂದ ಐಪ್ಯಾಡ್‌ಓಎಸ್ 15ರಿಂದ ಈಚೆಗೆ, ನಿಮ್ಮ ತಾಯಿಯವರು ತಮ್ಮ ಐಪ್ಯಾಡಿನಲ್ಲಿ ಒಂದು ಲಿಂಕ್ ಮಾಡಿ ಕಳುಹಿಸಿದರೆ, ಉಳಿದವರು ಅದನ್ನು ಕ್ರೋಮ್ ಅಥವಾ ಎಡ್ಜ್ ಬ್ರೌಸರಿನಲ್ಲಿ ತೆರೆದು, ಹೆಸರು ಬರೆದು, ಖಾತೆಯಿಲ್ಲದೆಯೇ ಕರೆಗೆ ಸೇರಬಹುದು. ಆಪಲ್ ಇದಕ್ಕೆ ಹೆಸರಿಸುವುದು ಆಂಡ್ರಾಯ್ಡ್ ಮತ್ತು ವಿಂಡೋಸನ್ನು ಮಾತ್ರ, ಲಿನಕ್ಸಿನ ಮಾತೆತ್ತುವುದಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಇಲ್ಲಿ ಬಾಗಿಲು ತೆರೆಯಬೇಕಾದವರು ಯಾವಾಗಲೂ ಅಮ್ಮನೇ. ಲಿಂಕ್ ಒತ್ತಿದವರು ಹೊರಗೆ ಕಾಯುತ್ತಿರುತ್ತಾರೆ. ಅಮ್ಮ ಕರೆಗೆ ಸೇರಿ ಒಪ್ಪಿಗೆಯ ಗುರುತನ್ನು ಒತ್ತಿದ ಮೇಲೆಯೇ ಕಾಯುತ್ತಿರುವವರ ಮುಖ ಕಾಣುವುದು. ನಮ್ಮ ಅತ್ತೆಯವರು ಆ ಗುರುತನ್ನು ಗಮನಿಸದೆ ಇಪ್ಪತ್ತು ನಿಮಿಷ ಪರದೆಯಲ್ಲಿ ತಮ್ಮ ಮುಖವನ್ನೇ ನೋಡುತ್ತಾ ಕುಳಿತಿದ್ದರು.

ವಯಸ್ಸಾದ ತಂದೆಯೊಂದಿಗೆ ಮಾತನಾಡುವವರೊಬ್ಬರು:

ಲಿಂಕ್ ಕಳುಹಿಸುವುದಕ್ಕೂ ಕರೆ ಮಾಡುವುದಕ್ಕೂ ಇರುವ ವ್ಯತ್ಯಾಸ ನಮಗೆ ತಡವಾಗಿ ಅರ್ಥವಾಯಿತು. ಕರೆ ಎಂದರೆ ಗಂಟೆ ಬಾರಿಸುತ್ತದೆ. ಅಪ್ಪ ಅಡುಗೆಮನೆಯಲ್ಲಿದ್ದರೂ ಎದ್ದು ಬಂದು ಹಸಿರು ಗುಂಡಿ ಒತ್ತುತ್ತಾರೆ. ಲಿಂಕ್ ಎಂದರೆ ಅವರು ಗಡಿಯಾರ ನೋಡಬೇಕು, ಸಂದೇಶ ಹುಡುಕಬೇಕು, ಒತ್ತಬೇಕು, ಕ್ಯಾಮೆರಾಕ್ಕೂ ಮೈಕಿಗೂ ಅನುಮತಿ ಕೊಡಬೇಕು. ಕಚೇರಿಯ ಸಭೆಗೆ ಹೇಳಿ ಮಾಡಿಸಿದ ಈ ಕ್ರಮವನ್ನು ನಾವು ಮನೆಗೆ ತಂದು, ಅಪ್ಪನಿಗೆ ತಂತ್ರಜ್ಞಾನ ಬರುವುದಿಲ್ಲ ಎಂದು ಅವರ ಮೇಲೆಯೇ ತಪ್ಪು ಹೊರಿಸಿದ್ದೆವು. ಆದ್ದರಿಂದ ನಿಮ್ಮ ತಾಯಿಯವರ ಮಟ್ಟಿಗೆ, ಗಂಟೆ ಬಾರಿಸುವ ಆ್ಯಪ್ ಯಾವುದು ಎಂಬುದನ್ನೇ ಮೊದಲು ನೋಡಿ.

ವಾಟ್ಸ್‌ಆ್ಯಪ್‌ನಲ್ಲಿ ವೀಡಿಯೊ ಕರೆ 2016ರ ನವೆಂಬರಿನಿಂದ ಇದೆ. ಐಪ್ಯಾಡಿಗೆಂದೇ ಮಾಡಿದ ಆ್ಯಪ್ ಬಂದದ್ದು ಮಾತ್ರ 2025ರ ಮೇ ತಿಂಗಳಲ್ಲಿ. ವಿಂಡೋಸಿಗೂ ಮ್ಯಾಕಿಗೂ ಅವರ ಆ್ಯಪ್ ಇದೆ, ಲಿನಕ್ಸಿಗೆ ಇಲ್ಲ. ವಾಟ್ಸ್‌ಆ್ಯಪ್‌ನಂತಹದೇ ಇನ್ನೊಂದು ಆ್ಯಪ್ ಸಿಗ್ನಲ್ ಆದರೆ ಲಿನಕ್ಸಿಗೂ ಅಧಿಕೃತ ಆ್ಯಪ್ ಕೊಡುತ್ತದೆ ಮತ್ತು ಲ್ಯಾಪ್‌ಟಾಪಿನಲ್ಲಿಯೇ ಗಂಟೆ ಬಾರಿಸುತ್ತದೆ. ಎರಡಕ್ಕೂ ಮೊದಲಿಗೆ ಒಂದು ಫೋನ್ ಸಂಖ್ಯೆಯ ನೋಂದಣಿ ಬೇಕು. ಆ ಕೆಲಸವನ್ನು ಮನೆಗೆ ಹೋದಾಗ ನೀವೇ ಕುಳಿತು ಮುಗಿಸಿಬಿಡಿ. ದೂರದಿಂದ ಹೇಳಿಕೊಡಲು ಹೋದರೆ ಇಬ್ಬರಿಗೂ ತಾಳ್ಮೆ ಕೆಡುತ್ತದೆ.

ಲಿನಕ್ಸ್ ಬಳಸುವವರೊಬ್ಬರು:

ಗಂಟೆಯ ಮಾತು ನಿಜ. ಆದರೂ ನಾಲ್ಕು ಬಗೆಯ ಸಾಧನಗಳಿಗೂ ಸಮಾನವಾಗಿರುವ ನೆಲ ಬ್ರೌಸರ್ ಒಂದೇ ಎಂಬುದನ್ನು ಮರೆಯಬಾರದು. ಬ್ರೌಸರಿನೊಳಗೇ ಕ್ಯಾಮೆರಾ, ಮೈಕು ಬಳಸಿ ಮಾತನಾಡಿಸುವ ವೆಬ್‌ಆರ್‌ಟಿಸಿ ಎಂಬ ವ್ಯವಸ್ಥೆಯನ್ನು ಗೂಗಲ್ 2011ರಲ್ಲಿ ಮುಕ್ತವಾಗಿ ಹೊರಬಿಟ್ಟಿತು. 2021ರ ಜನವರಿಯಲ್ಲಿ ಅದು ವೆಬ್ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯೂ3ಸಿಯ ಅಧಿಕೃತ ಶಿಫಾರಸಾಯಿತು. ಈ ನಡುವೆ ದೃಶ್ಯವನ್ನು ಕುಗ್ಗಿಸಿ ಕಳುಹಿಸುವ ಕೊಡೆಕ್ ವಿಪಿ8 ಆಗಬೇಕೋ ಎಚ್.264 ಆಗಬೇಕೋ ಎಂಬ ಜಗಳ ವರ್ಷಗಟ್ಟಲೆ ನಡೆದು, ಬ್ರೌಸರುಗಳು ಎರಡನ್ನೂ ಅರಿತಿರಬೇಕು ಎಂಬ ರಾಜಿಗೆ 2014ರಲ್ಲಿ ಬಂದು ನಿಂತಿತು. ಇಂದು ಸಫಾರಿಯೂ ಫೈರ್‌ಫಾಕ್ಸೂ ಪರಸ್ಪರ ಮುಖ ತೋರಿಸುತ್ತಿದ್ದರೆ ಅದಕ್ಕೆ ಆ ರಾಜಿಯೂ ಒಂದು ಕಾರಣ.

ನಾನು ಮನೆಯವರಿಗಾಗಿ ಇಟ್ಟುಕೊಂಡಿರುವುದು ಬ್ರೌಸರಿನಲ್ಲೇ ವೀಡಿಯೊ ಕರೆ ಮಾಡಿಸುವ ಜಿಟ್ಸಿ ಮೀಟ್. 2023ರ ಆಗಸ್ಟಿನಿಂದ ಅವರ ಸಾರ್ವಜನಿಕ ತಾಣದಲ್ಲಿ ಕೋಣೆ, ಅಂದರೆ ಎಲ್ಲರೂ ಸೇರುವ ಕರೆ, ತೆರೆಯುವವರು ಮಾತ್ರ ಲಾಗಿನ್ ಆಗಬೇಕು. ಸೇರುವವರಿಗೆ ಏನೂ ಬೇಡ. ಕೋಣೆಯ ಹೆಸರು ಗೊತ್ತಿರುವ ಯಾರು ಬೇಕಾದರೂ ಒಳಗೆ ಬರಬಹುದಾದ್ದರಿಂದ, ‘ನಮ್ಮಮನೆ’ ಎಂಬಂತಹ ಸುಲಭದ ಹೆಸರಿಡದೆ ಊಹಿಸಲಾಗದಷ್ಟು ಉದ್ದದ ಹೆಸರಿಡಿ. ಸಮಯದ ಮಿತಿಯ ವಿಷಯಕ್ಕೆ ಬಂದರೆ, ಉಚಿತ ಖಾತೆಯಲ್ಲಿ ಜೂಮ್ 40 ನಿಮಿಷಕ್ಕೆ ಕರೆಯನ್ನು ಮುಗಿಸುತ್ತದೆ. ಗೂಗಲ್ ಮೀಟ್ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ ಕೊಡುತ್ತದೆ. ಮನೆಯವರು ಮಾತು ಆರಂಭಿಸುವುದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಐಪ್ಯಾಡಿನ ಬಗ್ಗೆ ಎರಡು ಮಾತು. ಐಓಎಸ್ ಮತ್ತು ಐಪ್ಯಾಡ್‌ಓಎಸ್ 14.3ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಸಫಾರಿಯ ಹೊರತು ಬೇರೆ ಬ್ರೌಸರುಗಳಲ್ಲಿ ಜಾಲತಾಣಗಳಿಗೆ ಕ್ಯಾಮೆರಾ ಸಿಗುತ್ತಿರಲಿಲ್ಲ. ಹಳೆಯ ಸಾಧನವಾದರೆ ಸಫಾರಿಯಲ್ಲೇ ತೆರೆಯಿರಿ. ಸಂದೇಶದಲ್ಲಿ ಬಂದ ಲಿಂಕನ್ನು ಆ ಆ್ಯಪ್ ತನ್ನೊಳಗಿನ ಪುಟ್ಟ ಕಿಟಕಿಯಲ್ಲೇ ತೆರೆದಾಗಲೂ ಕೆಲವೊಮ್ಮೆ ಚಿತ್ರ ಬರುವುದಿಲ್ಲ. ಕ್ಯಾಮೆರಾ ಕೆಟ್ಟಿದೆ ಎಂದು ಭಾವಿಸಿ ನಾನು ಅಮ್ಮನಿಂದ ಮೂರು ಬಾರಿ ಸಾಧನವನ್ನು ಆರಿಸಿ ಹೊತ್ತಿಸಿದ ಮೇಲೆ ಇದು ತಿಳಿಯಿತು.

ಹಳೆಯ ಕಂಪ್ಯೂಟರ್ ಇರುವವರೊಬ್ಬರು:

ನಿಮ್ಮ ಅಕ್ಕನವರ ವಿಂಡೋಸ್ ಯಾವ ಆವೃತ್ತಿ ಎಂದು ಮೊದಲು ನೋಡಿ. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್ 109ನೆಯ ಆವೃತ್ತಿಗೇ, ಅಂದರೆ 2023ರ ಆರಂಭಕ್ಕೇ, ನಿಂತುಹೋಗಿದೆ. ನಾವು ಅಂತಹ ಕಂಪ್ಯೂಟರಿನೊಂದಿಗೆ ಒಂದು ತಿಂಗಳು ಹೆಣಗಾಡಿ, ಕೊನೆಗೆ ಫೋನನ್ನೇ ಪುಸ್ತಕಗಳಿಗೆ ಒರಗಿಸಿಟ್ಟು ಮಾತನಾಡಿದೆವು. ಎಲ್ಲವನ್ನೂ ಉಳಿಸಿಕೊಳ್ಳಬೇಕೆಂಬ ಹಟ ಬೇಡ.

ಕೇಳಿದವರು, ಮೂರು ವಾರದ ನಂತರ:

ಮೊನ್ನೆ ಅಮ್ಮನ ಮನೆಗೆ ಹೋಗಿದ್ದಾಗ ಜಿಟ್ಸಿಯ ಒಂದೇ ಕೋಣೆಯ ವಿಳಾಸವನ್ನು ಸಫಾರಿಯಿಂದ ಅವರ ಐಪ್ಯಾಡಿನ ಮುಖಪರದೆಗೆ ಚಿತ್ರವಾಗಿ ಹಾಕಿ ಬಂದೆ. ಆ ವಿಳಾಸ ಎಂದೂ ಬದಲಾಗುವುದಿಲ್ಲ. ಗಂಟೆಯ ಕೊರತೆಯನ್ನು ತಮ್ಮ ನೀಗಿಸುತ್ತಾನೆ: ನಾನು ಲಾಗಿನ್ ಆಗಿ ಕೋಣೆ ತೆರೆದೊಡನೆ ಅವನು ಅಮ್ಮನ ಮನೆಯ ಫೋನಿಗೆ ಮಾಮೂಲಿ ಕರೆ ಮಾಡುತ್ತಾನೆ, ನಮ್ಮೆಲ್ಲರ ಮುಖ ಕಾಣುವವರೆಗೆ ಅದನ್ನು ಇಡುವುದಿಲ್ಲ. ಅಕ್ಕನದು ವಿಂಡೋಸ್ 7 ಎಂದು ಗೊತ್ತಾದದ್ದರಿಂದ ಅವಳೂ ಫೋನಿನಿಂದಲೇ ಸೇರುತ್ತಾಳೆ. ಇನ್ನು ಉಳಿದಿರುವುದು ಪ್ರತಿಧ್ವನಿ: ಮನೆಯ ಫೋನೂ ಐಪ್ಯಾಡೂ ಅಕ್ಕಪಕ್ಕದಲ್ಲಿದ್ದಾಗ ತಮ್ಮನ ಮಾತು ಎರಡೆರಡು ಬಾರಿ ಕೇಳಿಸುತ್ತದೆ, ಅಮ್ಮ ಎರಡಕ್ಕೂ ಉತ್ತರ ಕೊಡುತ್ತಾರೆ.