ಔಟ್‌ಬೋರ್ಡ್ ಮೋಟರ್‌ಗೆ ಹೊಸ ಸ್ಪಾರ್ಕ್ ಪ್ಲಗ್: ಯಾವ ನಂಬರ್ ಹಾಕಬೇಕು?

ಪ್ರಶ್ನೆ: 40 ಎಚ್‌ಪಿ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರ್). ಮ್ಯಾನ್ಯುಯಲ್ ಇಲ್ಲ. ಹಳೆಯ ಎನ್‌ಜಿಕೆ ಪ್ಲಗ್ ಮೇಲೆ ಬಿ8ಎಚ್‌ಎಸ್-10 ಅಂತಿದೆ. ಸಿಗುತ್ತಿರುವುದು ಬಿ7ಎಚ್‌ಎಸ್, ಬಿ8ಇಎಸ್, ಬಿಆರ್8ಎಚ್‌ಎಸ್-10. ದೋಣಿ ಹೆಚ್ಚಾಗಿ ನಿಧಾನಕ್ಕೇ ಓಡುತ್ತದೆ, ಪ್ಲಗ್ ಬೇಗ ಮಸಿ ಹಿಡಿಯುತ್ತದೆ. ಯಾವುದು ಹಾಕಲಿ?

ಉತ್ತರ: ಮೊದಲು ಬಿ8ಇಎಸ್ ಅನ್ನು ಪಕ್ಕಕ್ಕಿಡಿ. ‘ಎಚ್’ ಅಂದರೆ ಥ್ರೆಡ್ ಉದ್ದ 12.7 ಮಿ.ಮೀ., ‘ಇ’ ಅಂದರೆ 19 ಮಿ.ಮೀ. ಎರಡರದೂ 14 ಮಿ.ಮೀ. ದಪ್ಪವೇ ಆದ್ದರಿಂದ ತಿರುಗಿಸಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಅಪಾಯ ಇರುವುದೇ ಅಲ್ಲಿ. ಹೆಚ್ಚುವರಿ ಆರು ಮಿ.ಮೀ. ಒಳಗೆ ಚಾಚಿಕೊಂಡು ಪಿಸ್ಟನ್‌ಗೆ ಬಡಿಯಬಹುದು. ಬಡಿಯದಿದ್ದರೂ ಒಳಗೆ ಚಾಚಿದ ಥ್ರೆಡ್‌ಗೆ ಮಸಿ ಕಟ್ಟಿ, ಬಿಚ್ಚುವಾಗ ಸಿಲಿಂಡರ್ ಹೆಡ್‌ನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ.

ಬಿಆರ್8ಎಚ್‌ಎಸ್-10 ನಿಮ್ಮ ಹಳೆಯ ಪ್ಲಗ್ಗೇ, ಒಳಗೊಂದು ರೆಸಿಸ್ಟರ್ ಹೆಚ್ಚಿಗೆ ಇದೆ ಅಷ್ಟೆ, ಸುಮಾರು 5 ಕಿಲೋಓಮ್. ‘ಆರ್’ ಇಲ್ಲದ ಕಡೆ ‘ಆರ್’ ಹಾಕಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ‘ಆರ್’ ಬೇಕೆಂದಿರುವ ಮೋಟರ್‌ನಲ್ಲಿ ಅದನ್ನು ಬಿಟ್ಟರೆ ಮಾತ್ರ ಫಿಶ್ ಫೈಂಡರ್, ವಿಎಚ್‌ಎಫ್ ರೇಡಿಯೋದಲ್ಲಿ ಗರಗರ ಶುರು. ಇಗ್ನಿಷನ್ ಯೂನಿಟ್ ಕೂಡ ಎಡವಬಹುದು.

ಉತ್ತರ: ಹಳೆಯ ಪ್ಲಗ್ಗನ್ನೇ ಪ್ರಮಾಣ ಅಂತ ನಂಬಬೇಡಿ. ಹಿಂದಿನವರು ತಪ್ಪು ಹಾಕಿರಬಹುದು. ಕೌಲ್ (ಎಂಜಿನ್ ಮೇಲಿನ ಮುಚ್ಚಳ) ಒಳಗಿನ ಸ್ಟಿಕ್ಕರ್ ನೋಡಿ. ಇಲ್ಲದಿದ್ದರೆ ಟ್ರಾನ್ಸಮ್ ಬ್ರ್ಯಾಕೆಟ್ (ಮೋಟರನ್ನು ದೋಣಿಗೆ ಹಿಡಿಸುವ ಚೌಕಟ್ಟು) ಮೇಲಿನ ಮಾಡೆಲ್ ನಂಬರ್ ಹಿಡಿದು ತಯಾರಕರ ಪಟ್ಟಿಯಲ್ಲಿ ಹುಡುಕಿ.

ಬೇರೆ ಬ್ರ್ಯಾಂಡ್ ತೆಗೆದುಕೊಳ್ಳುವಾಗ ಇನ್ನೊಂದು ಎಚ್ಚರ: ಎನ್‌ಜಿಕೆ, ಡೆನ್ಸೋಗಳಲ್ಲಿ ಕೋಡ್‌ನೊಳಗಿನ ನಂಬರ್ (ಬಿ8ರಲ್ಲಿ 8) ಹೆಚ್ಚಿದಷ್ಟೂ ಪ್ಲಗ್ ತಂಪು, ಅಂದರೆ ತುದಿಯ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ; ಚಾಂಪಿಯನ್‌ನಲ್ಲಿ ಉಲ್ಟಾ. ಅಂದಾಜಿಗೆ ಹೊಂದಿಸದೆ ಪಟ್ಟಿ ನೋಡಿಯೇ ಕೊಳ್ಳಿ.

ಉತ್ತರ: ಮಸಿ ಹಿಡಿಯುತ್ತದೆ ಅಂತ ಹೆಚ್ಚು ಬಿಸಿಯಾಗುವ 7ಕ್ಕೆ ಇಳಿಯುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ನಂಬರ್ ಬದಲಾದರೆ ಪ್ಲಗ್ ತುದಿಯ ತಾಪ 70ರಿಂದ 100 ಡಿಗ್ರಿ ಸೆ. ಬದಲಾಗುತ್ತದೆ. ತುದಿ ಸುಮಾರು 450 ಡಿಗ್ರಿ ದಾಟಿದರೆ ಮಸಿ ತಾನಾಗಿ ಉರಿದುಹೋಗುತ್ತದೆ, ನಿಜ. ಆದರೆ 850ರ ಆಸುಪಾಸಿಗೆ ಹೋದರೆ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಒಂದು ದಿನ ಭಾರ ಹೇರಿ ಪೂರ್ತಿ ಥ್ರಾಟಲ್‌ನಲ್ಲಿ ದೂರ ಓಡಿಸಿದಿರೋ, ಪಿಸ್ಟನ್ ತಲೆಗೆ ತೂತು. ಮಸಿ ಹಿಡಿದ ಪ್ಲಗ್ ಬದಲಿಸಬಹುದು. ಪಿಸ್ಟನ್ ಖರ್ಚು ಬೇರೆಯೇ ಲೆಕ್ಕ.

ಮೊದಲು ಕಾರಣ ಹುಡುಕಿ. ಎರಡೂ ಪ್ಲಗ್ ಬಿಚ್ಚಿ, ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ಗುರುತಿಟ್ಟು ಪಕ್ಕಪಕ್ಕ ಇಡಿ. ಎರಡೂ ಒಂದೇ ಥರ ಕಪ್ಪಾಗಿ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಗಾಳಿಯ ಜತೆ ಪೆಟ್ರೋಲ್ ಹೆಚ್ಚು ಸೇರುತ್ತಿದೆ: ಪೆಟ್ರೋಲ್-ಎಣ್ಣೆ 50:1 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ, ‘ಇರಲಿ’ ಅಂತ ಸುರಿದ ಎಣ್ಣೆಯೆಲ್ಲ ಪ್ಲಗ್‌ಗೇ ಬರುತ್ತದೆ. ಚೋಕ್ ಪೂರ್ತಿ ಬಿಡುತ್ತಿದೆಯೇ ನೋಡಿ. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ಎಂಜಿನ್ ಬಿಸಿಯೇ ಆಗದೆ ಮಸಿ ಕಟ್ಟುತ್ತದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಒಂದು ಮಾತ್ರ ಕಪ್ಪಾಗಿದ್ದರೆ ಆ ಸಿಲಿಂಡರಿನ ಕಾಯಿಲ್, ಕಂಪ್ರೆಷನ್ ಪರೀಕ್ಷಿಸಿ. ಒಂದು ಪ್ಲಗ್ ಹಬೆಯಲ್ಲಿ ತೊಳೆದಂತೆ ಫಳಫಳ ಅನ್ನುತ್ತಿದ್ದರೆ ಖುಷಿಪಡಬೇಡಿ, ಹೆಡ್ ಗ್ಯಾಸ್ಕೆಟ್‌ನಿಂದ ನೀರು ಒಳಗೆ ಬರುತ್ತಿರಬಹುದು.

ಎಲ್ಲ ಸರಿಯಿದ್ದರೆ 8ರಲ್ಲೇ ಇರಿ. ನಿಧಾನ ಓಟದ ನಡುವೆ ಆಗಾಗ ಕೆಲವು ನಿಮಿಷ ವೇಗ ಹೆಚ್ಚಿಸಿ.

ಉತ್ತರ: ಕೊನೆಯ ‘-10’ ಎಂದರೆ 1.0 ಮಿ.ಮೀ. ಗ್ಯಾಪ್, ಕಿಡಿ ಹಾರುವ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಂತರ. ಡಬ್ಬಿಯಿಂದ ತೆಗೆದದ್ದನ್ನೂ ವೈರ್ ಗೇಜ್‌ನಿಂದ ಅಳೆಯಿರಿ. ಬಗ್ಗಿಸುವುದು ಪಕ್ಕದ ಎಲೆಕ್ಟ್ರೋಡ್ ಮಾತ್ರ. ನಡುವಿನದಕ್ಕೆ ಮೀಟಿದರೆ ಪಿಂಗಾಣಿ ಬಿರಿಯುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹಾಕಬೇಡಿ. ತಲೆಯ ಟರ್ಮಿನಲ್ ನಟ್ ನಿಮ್ಮ ಕ್ಯಾಪ್‌ಗೆ ಹೊಂದುತ್ತದೆಯೇ ನೋಡಿ: ಕೆಲವು ಕ್ಯಾಪ್‌ಗೆ ನಟ್ ಬಿಚ್ಚಿದ ಬರಿ ಸ್ಕ್ರೂ ಬೇಕು, ಕೆಲವಕ್ಕೆ ನಟ್ ಇರಲೇಬೇಕು.

ಉತ್ತರ: ಬಿಗಿಯುವ ಬಗ್ಗೆ. ಎಂಜಿನ್ ತಣ್ಣಗಿರಲಿ. ಔಟ್‌ಬೋರ್ಡ್‌ನಲ್ಲಿ ಪ್ಲಗ್ ಅಡ್ಡಕ್ಕೆ ಕೂರುವುದರಿಂದ ಓರೆಯಾಗಿ ಹತ್ತುವುದು ಸುಲಭ. ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ತಿರುಗಿಸಿ. ಓರೆಯಾದರೆ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ವಾಷರ್ ತಾಗಿದ ಮೇಲೆ ಹೊಸ ಪ್ಲಗ್‌ಗೆ ಅರ್ಧದಿಂದ ಮೂರನೇ ಎರಡು ಸುತ್ತು, ಹಳೆಯದನ್ನೇ ಮತ್ತೆ ಹಾಕುತ್ತಿದ್ದರೆ ಹನ್ನೆರಡನೇ ಒಂದು ಸುತ್ತು ಸಾಕು. ಟಾರ್ಕ್ ವ್ರೆಂಚ್ ಇದ್ದರೆ 25 ನ್ಯೂಟನ್ ಮೀಟರ್. ಉಪ್ಪುನೀರಾದರೆ ಥ್ರೆಡ್‌ಗೆ ತೆಳ್ಳಗೆ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ.

ಉತ್ತರ: ಆ್ಯಂಟಿ-ಸೀಜ್ ವಿಷಯಕ್ಕೆ ನನ್ನ ತಕರಾರಿದೆ. ಎನ್‌ಜಿಕೆ ಥ್ರೆಡ್‌ಗೆ ಮೊದಲೇ ಲೇಪನವಿರುತ್ತದೆ, ಬೇಡವೆಂದು ಅವರೇ ಹೇಳುತ್ತಾರೆ. ಜಾರುವ ಥ್ರೆಡ್‌ಗೆ ಅದೇ 25 ಕೊಟ್ಟರೆ ಅತಿ ಬಿಗಿಯಾಗಿ ಥ್ರೆಡ್ ಎಳೆದುಹೋಗುತ್ತದೆ. ಹಾಕಲೇಬೇಕೆಂದಿದ್ದರೆ ಟಾರ್ಕ್ ಸುಮಾರು ಮೂರನೇ ಒಂದು ಭಾಗ ಇಳಿಸಿ. ಉಪ್ಪಿಗೆ ಮದ್ದು ಬೇಕಿದ್ದರೆ ಕ್ಯಾಪ್‌ನ ಬಾಯಂಚಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯಲು ಬಿಡದ ಗ್ರೀಸ್) ಸವರಿ.

ಪ್ಲಗ್ ಬಿಚ್ಚಿಟ್ಟು ಕ್ರ್ಯಾಂಕ್ ಮಾಡುವುದಿದ್ದರೆ ಸ್ಟಾಪ್ ಸ್ವಿಚ್‌ನ ಲ್ಯಾನ್ಯಾರ್ಡ್ (ಸುರಕ್ಷತಾ ಹಗ್ಗ) ಎಳೆದಿಡಿ, ಪ್ಲಗ್ ಲೀಡ್‌ಗಳನ್ನು (ವೈರ್) ಎಂಜಿನ್ ಬ್ಲಾಕ್‌ಗೆ ಅರ್ತ್ ಮಾಡಿ. ಲೀಡ್ ಗಾಳಿಯಲ್ಲಿ ತೂಗಾಡುತ್ತಿದ್ದರೆ ಸಿಡಿಐ (ಇಗ್ನಿಷನ್ ಯೂನಿಟ್) ಸುಟ್ಟೀತು, ಪ್ಲಗ್ ರಂಧ್ರದಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಕಿಡಿಯೂ ತಗುಲೀತು.