ಪತ್ರಿಕೆಯ ಕೆಲಸ ಬಿಡದೆ ಸಂವಹನ ಮತ್ತು ಮಾಧ್ಯಮ ಅಧ್ಯಯನದಲ್ಲಿ ಪಿಎಚ್.ಡಿ. ಮಾಡಲು ಸಾಧ್ಯವೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ದಿನಪತ್ರಿಕೆಯೊಂದರ ಶಿವಮೊಗ್ಗ ಆವೃತ್ತಿಯಲ್ಲಿ ಒಂಬತ್ತು ವರ್ಷಗಳಿಂದ ಉಪಸಂಪಾದಕನಾಗಿ ಕೆಲಸ ಮಾಡುತ್ತಿದ್ದೇನೆ. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಸ್ನಾತಕೋತ್ತರ ಪದವಿಯಲ್ಲಿ ಶೇ 58 ಅಂಕಗಳಿವೆ. ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ನಡೆಯುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯನ್ನು ಎರಡು ಸಲ ಬರೆದೆ, ಆಗಲಿಲ್ಲ, ಅದೇ ಬಗೆಯ ರಾಜ್ಯಮಟ್ಟದ ಕೆ-ಸೆಟ್ ಆಗಿದೆ. ಮಧ್ಯಾಹ್ನ ಮೂರಕ್ಕೆ ಡೆಸ್ಕಿನಲ್ಲಿ ಕುಳಿತರೆ ಕೊನೆಯ ಪುಟ ಮುದ್ರಣಕ್ಕೆ ಹೋಗುವಾಗ ನಡುರಾತ್ರಿ ಆಗಿರುತ್ತದೆ. ಬೆಳಗಿನ ಹೊತ್ತು ನನ್ನದೇ ಆದ್ದರಿಂದ ಅದನ್ನು ಸಂಶೋಧನೆಗೆ ಕೊಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ.

‘ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ: ಶಿವಮೊಗ್ಗ ಜಿಲ್ಲೆಯನ್ನು ಅನುಲಕ್ಷಿಸಿ’ ಎಂಬ ವಿಷಯದ ಮೇಲೆ ನಾಲ್ಕು ಪುಟಗಳ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಸಿದ್ಧಪಡಿಸಿ ಮೂವರು ಪ್ರಾಧ್ಯಾಪಕರಿಗೆ ಕಳುಹಿಸಿದೆ. ಇಬ್ಬರಿಂದ ಉತ್ತರ ಬರಲಿಲ್ಲ. ಮೂರನೆಯವರು ದೂರವಾಣಿಯಲ್ಲಿ ಸೌಜನ್ಯದಿಂದಲೇ ಮಾತನಾಡಿ, ತಮ್ಮಲ್ಲಿ ಸ್ಥಾನ ಖಾಲಿ ಇಲ್ಲವೆಂದೂ, ಇದ್ದಿದ್ದರೂ ಈ ವಿಷಯವನ್ನು ಒಪ್ಪುತ್ತಿರಲಿಲ್ಲವೆಂದೂ ತಿಳಿಸಿದರು. ವಿಷಯದಲ್ಲಿ ಏನು ಕೊರತೆಯೆಂದು ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ.

ಉದ್ಯೋಗದಲ್ಲಿದ್ದುಕೊಂಡೇ ನೋಂದಣಿ ಮಾಡಿಸಲು ನಿಯಮ ಅವಕಾಶ ಕೊಡುತ್ತದೆಯೇ? ಮಹಾಪ್ರಬಂಧವನ್ನು ಕನ್ನಡದಲ್ಲಿ ಬರೆದರೆ ತೊಂದರೆಯಿದೆಯೇ? ವಿಷಯವನ್ನು ಬದಲಿಸಬೇಕಾದರೆ ಎಲ್ಲಿಂದ ಆರಂಭಿಸಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಯ ಮೇಷ್ಟ್ರು

ತುಂಗಾತೀರ ಅವರೇ, ಮೊದಲು ನಿಯಮದ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿ ಅರೆಕಾಲಿಕ ಸಂಶೋಧನೆಗೆ ಅವಕಾಶ ಕೊಟ್ಟಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಇರಬೇಕು, ನಿಮಗಿದೆ. ಆದರೆ ಸಂಸ್ಥೆಯಿಂದ ತರಬೇಕಾದ ನಿರಾಕ್ಷೇಪಣಾ ಪತ್ರವನ್ನು ಹಗುರವಾಗಿ ಎಣಿಸಬೇಡಿ. ಅದರಲ್ಲಿ ‘ನಮ್ಮ ಅಭ್ಯಂತರವಿಲ್ಲ’ ಎಂಬ ಒಂದು ಸಾಲು ಇದ್ದರೆ ಸಾಲದು. ಉದ್ಯೋಗಿಯ ಕೆಲಸದ ಸ್ವರೂಪ ಸಂಶೋಧನೆಗೆ ಸಾಕಷ್ಟು ಸಮಯ ಕೊಡುತ್ತದೆ, ಅಗತ್ಯಬಿದ್ದರೆ ಕೋರ್ಸ್‌ವರ್ಕ್ (ಸಂಶೋಧನೆಯ ಭಾಗವಾದ ಕಡ್ಡಾಯ ತರಗತಿಗಳು) ಮುಗಿಸಲು ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಪತ್ರಿಕಾ ಕಚೇರಿಗಳಲ್ಲಿ ಈ ಎರಡನೆಯ ಮಾತಿಗೆ ಸಹಿ ಹಾಕಿಸುವುದೇ ಕಷ್ಟವೆಂದು ನನ್ನ ವಿದ್ಯಾರ್ಥಿಗಳ ಅನುಭವ. ಪ್ರವೇಶ ಪರೀಕ್ಷೆಗೆ ಓದುವ ಮೊದಲೇ ನಿಮ್ಮ ಸಂಪಾದಕರ ಹತ್ತಿರ ಮಾತನಾಡಿಕೊಳ್ಳಿ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದು, ಅದರಲ್ಲಿ ಶೇ 55 ಪಡೆಯಲೇಬೇಕು. ಒಟ್ಟು ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೂ ಎರಡು ವರ್ಷಗಳ ರಿಯಾಯಿತಿ ಇದೆ. ಡೆಸ್ಕಿನ ಕೆಲಸದ ಜೊತೆಗೆ ಮೂರು ವರ್ಷದಲ್ಲಿ ಮುಗಿಸುತ್ತೇನೆಂಬ ಲೆಕ್ಕ ಹಾಕಬೇಡಿ. ಐದು ವರ್ಷ ಎಂದಿಟ್ಟುಕೊಂಡರೆ ನಿಮಗೂ ಮನೆಯವರಿಗೂ ನೆಮ್ಮದಿ.

ಸ್ಥಾನ ಖಾಲಿ ಇಲ್ಲವೆಂದು ಆ ಪ್ರಾಧ್ಯಾಪಕರು ಹೇಳಿದ್ದು ನೆಪವೇ ಆಗಿರಬೇಕಿಲ್ಲ. ಒಬ್ಬ ಪ್ರಾಧ್ಯಾಪಕರು ಏಕಕಾಲದಲ್ಲಿ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಮ್ಮ ಪತ್ರಿಕೋದ್ಯಮ ವಿಭಾಗಗಳಲ್ಲಿ ಕಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟೇ ಇರುವುದರಿಂದ ಈ ಲೆಕ್ಕ ಬೇಗ ಮುಗಿದುಹೋಗುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಿಮಗೆ ಹತ್ತಿರವೆಂಬುದು ನಿಜ, ಆದರೆ ಹತ್ತಿರದಲ್ಲಿದೆಯೆಂಬ ಒಂದೇ ಕಾರಣಕ್ಕೆ ಗೈಡ್ ಆರಿಸಬೇಡಿ. ಕೊಣಾಜೆಯ ಮಂಗಳೂರು, ಧಾರವಾಡದ ಕರ್ನಾಟಕ, ಮಾನಸಗಂಗೋತ್ರಿಯ ಮೈಸೂರು ವಿಶ್ವವಿದ್ಯಾಲಯಗಳಲ್ಲೂ ವಿಚಾರಿಸಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ನೀವು ಮನಸ್ಸಿನಲ್ಲಿಟ್ಟುಕೊಂಡಿರುವ ಗೈಡ್ ಕೈಕೆಳಗೆ ಬಂದ ಎರಡು ಮಹಾಪ್ರಬಂಧಗಳನ್ನಾದರೂ ಪೂರ್ತಿ ಓದಿ, ಆಮೇಲೆ ಅವರಿಗೆ ಪತ್ರ ಬರೆಯಿರಿ.

ಕೆ-ಸೆಟ್ ಆದವರಿಗೆ ಪ್ರವೇಶ ಪರೀಕ್ಷೆಯಿಂದ ವಿನಾಯಿತಿ ಇದೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಆ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು. ಕನ್ನಡದಲ್ಲಿ ಬರೆಯುವ ಅನುಮತಿಯನ್ನೂ ನೋಂದಣಿಯ ಸಮಯದಲ್ಲೇ ಲಿಖಿತವಾಗಿ ಪಡೆದುಕೊಳ್ಳಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೇ ಕನ್ನಡದಲ್ಲಿ ಸಂಶೋಧನೆ ನಡೆಯಲೆಂದು. ಬೇರೆಡೆ ಕೇಳದೆ ಊಹಿಸುವುದು ಬೇಡ. ಪ್ರಬಂಧವನ್ನು ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದಬೇಕು. ಕನ್ನಡ ಓದಬಲ್ಲ, ಮಾಧ್ಯಮ ಅಧ್ಯಯನವನ್ನೂ ಬಲ್ಲ ಪರೀಕ್ಷಕರ ಪಟ್ಟಿ ಚಿಕ್ಕದು, ಹೀಗಾಗಿ ವರದಿ ಬರುವುದು ತಡವಾದೀತು. ಇಷ್ಟಾದರೂ ಕನ್ನಡದಲ್ಲೇ ಬರೆಯಿರಿ ಎಂಬುದು ನನ್ನ ಸಲಹೆ. ಶಿಕಾರಿಪುರದ ವರದಿಗಾರ ಹೇಳಿದ ಮಾತನ್ನು ಇಂಗ್ಲಿಷಿಗೆ ತಿರುಗಿಸಿ, ಮತ್ತೆ ಅದನ್ನೇ ವಿಶ್ಲೇಷಿಸುವುದರಲ್ಲಿ ಅರ್ಧ ಸತ್ವ ಸೋರಿಹೋಗುತ್ತದೆ.

ಕರಡು ತಿದ್ದುವವಳು

ಮೇಷ್ಟ್ರು ನಿಯಮಗಳನ್ನೆಲ್ಲ ಹೇಳಿರುವುದರಿಂದ ನಾನು ವಿಷಯದ ಬಗ್ಗೆ ಮಾತ್ರ ಬರೆಯುತ್ತೇನೆ. ನಾನೂ ಡೆಸ್ಕಿನಲ್ಲಿ ಏಳು ವರ್ಷ ಇದ್ದು, ಆಮೇಲೆ ಸಂಶೋಧನೆಗೆ ಬಂದವಳು. ಮೂರು ವರ್ಷದ ಹಿಂದೆ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿಯಿತು.

ತುಂಗಾತೀರ ಅವರೇ, ನಿಮ್ಮ ವಿಷಯದಲ್ಲಿ ‘ಯುವಜನರು’ ಯಾರು, ‘ಜಾಲತಾಣ’ ಯಾವುದು, ‘ಪ್ರಭಾವ’ವನ್ನು ಅಳೆಯುವುದು ಹೇಗೆ ಎಂಬ ಮೂರಕ್ಕೂ ಉತ್ತರವಿಲ್ಲ. ಜಿಲ್ಲೆಯ ಹೆಸರು ಬದಲಿಸಿದರೆ ಯಾರು ಬೇಕಾದರೂ ಬರೆಯಬಹುದಾದ ಶೀರ್ಷಿಕೆಯದು. ಐನೂರು ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿ, ‘ಪ್ರಭಾವ ಇದೆ’ ಎಂದು ಮುಗಿಸುವ ಪ್ರಬಂಧಗಳು ಸಾಕಷ್ಟು ಬಂದಿವೆ. ನಿಮ್ಮ ಪತ್ರದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಸಿನಾಪ್ಸಿಸ್ ಅಲ್ಲ, ಮಧ್ಯಾಹ್ನ ಮೂರರಿಂದ ನಡುರಾತ್ರಿಯವರೆಗೆ ನೀವು ಮಾಡುವ ಕೆಲಸ.

1949ರ ಫೆಬ್ರುವರಿಯಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಅಮೆರಿಕದ ಸಂಶೋಧಕ ಚಿಕ್ಕ ನಗರವೊಂದರ ಪತ್ರಿಕೆಯ ಸುದ್ದಿ ಸಂಪಾದಕರೊಬ್ಬರನ್ನು ಹಿಡಿದು, ಒಂದು ವಾರ ಸುದ್ದಿಸಂಸ್ಥೆಗಳಿಂದ ಬಂದ ಪ್ರತಿಯೊಂದು ತುಣುಕನ್ನೂ ಎಸೆಯದೆ ಇಟ್ಟುಕೊಳ್ಳಲು ಹೇಳಿದ. ಆ ಸಂಪಾದಕರು ಪುಟ ಮುಗಿಸಿದ ಮೇಲೆ, ಪ್ರತಿ ರಾತ್ರಿ ಒಂದು ಗಂಟೆಯ ನಂತರ ಕುಳಿತು, ಬಿಟ್ಟ ಸುದ್ದಿಯ ಮೇಲೆ ಯಾಕೆ ಬಿಟ್ಟೆನೆಂಬ ಕಾರಣ ಬರೆದರು. ಬಂದದ್ದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬಿಟ್ಟುಹೋಗಿತ್ತು. ‘ಜಾಗವಿಲ್ಲ’ ಎಂಬುದರ ಜೊತೆಗೆ ತೀರ ವೈಯಕ್ತಿಕ ಇಷ್ಟಾನಿಷ್ಟಗಳೂ ಅಲ್ಲಿ ಕಾಣಿಸಿಕೊಂಡವು. ಯಾವ ಸುದ್ದಿಯನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಯಾರೋ ತೀರ್ಮಾನಿಸುತ್ತಾರೆ ಎನ್ನುವ ದ್ವಾರಪಾಲನೆಯ (ಗೇಟ್‌ಕೀಪಿಂಗ್) ಸಿದ್ಧಾಂತವೆಂದು ನಾವು ಎಂ.ಎ.ಯಲ್ಲಿ ಬಾಯಿಪಾಠ ಮಾಡಿದ್ದು ಪತ್ರಿಕಾಲಯಕ್ಕೆ ಬಂದದ್ದು ಹೀಗೆ. ಈಗ ನಿಮ್ಮ ಡೆಸ್ಕಿಗೆ ಬನ್ನಿ. ಸಾಗರ, ಸೊರಬ, ತೀರ್ಥಹಳ್ಳಿಗಳ ಅರೆಕಾಲಿಕ ವರದಿಗಾರರು ಸುದ್ದಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರಲ್ಲವೇ? ಒಬ್ಬರು ಟೈಪಿಸಿ, ಇನ್ನೊಬ್ಬರು ಧ್ವನಿ ಸಂದೇಶದಲ್ಲಿ, ಮತ್ತೊಬ್ಬರು ಸಂಘದವರು ಕೊಟ್ಟ ಪ್ರಕಟಣೆಯ ಫೋಟೊ ತೆಗೆದು. ಯಾವುದು ಪುಟಕ್ಕೆ ಹೋಗುತ್ತದೆ, ಯಾವುದು ಗುಂಪಿನಲ್ಲೇ ಉಳಿಯುತ್ತದೆ? ಜಾಹೀರಾತು ತರುವ ಹೊಣೆಯೂ ಅದೇ ವರದಿಗಾರನ ಮೇಲಿದ್ದರೆ ಅವನ ಸುದ್ದಿಗೆ ಬೇರೆ ತೂಕ ಬರುತ್ತದೆಯೇ? ಈ ಪ್ರಶ್ನೆಗೆ ಬೇಕಾದ ಸಾಮಗ್ರಿ ಹೊರಗಿನ ಸಂಶೋಧಕನಿಗೆ ಸುಲಭಕ್ಕೆ ಸಿಗುವುದಿಲ್ಲ, ನಿಮ್ಮ ಫೋನಿನಲ್ಲಿದೆ.

ವಿಧಾನದ ಬಗ್ಗೆ ನನಗಾದ ಒಂದು ಪಾಡು ಹೇಳುತ್ತೇನೆ. ಎರಡು ದಿನಪತ್ರಿಕೆಗಳ ಜಿಲ್ಲಾ ಪುಟಗಳ ವಸ್ತು ವಿಶ್ಲೇಷಣೆ ನನ್ನದು. ಸುದ್ದಿಗಳನ್ನು ರಾಜಕೀಯ, ಅಭಿವೃದ್ಧಿ, ಅಪರಾಧ ಎಂದೆಲ್ಲ ವಿಂಗಡಿಸಿ ಆರು ತಿಂಗಳ ಪುಟಗಳನ್ನು ಒಬ್ಬಳೇ ಗುರುತು ಹಾಕಿ ಮುಗಿಸಿದ್ದೆ. ಒಬ್ಬರೇ ಹಾಕಿದ ಗುರುತಿಗೆ ಬೆಲೆಯಿಲ್ಲ, ಎರಡನೆಯವರಿಂದಲೂ ಹಾಕಿಸಿ ಹೊಂದಾಣಿಕೆ ಲೆಕ್ಕ ಹಾಕು ಎಂದು ಗೈಡ್ ಹೇಳಿದರು. ಗೆಳತಿಯೊಬ್ಬಳಿಗೆ ಐವತ್ತು ಸುದ್ದಿ ಕೊಟ್ಟೆ. ‘ರಸ್ತೆ ಕಾಮಗಾರಿಗೆ ಸಚಿವರಿಂದ ಗುದ್ದಲಿ ಪೂಜೆ’ ಎಂಬ ಸುದ್ದಿಗೆ ನಾನು ‘ರಾಜಕೀಯ’ ಎಂದು ಬರೆದಿದ್ದೆ, ಅವಳು ‘ಅಭಿವೃದ್ಧಿ’ ಎಂದಿದ್ದಳು. ನಮ್ಮ ಜಿಲ್ಲಾ ಪುಟಗಳಲ್ಲಿ ಗುದ್ದಲಿ ಪೂಜೆಯಿಲ್ಲದ ದಿನ ಯಾವುದಿದೆ? ವ್ಯಾಖ್ಯೆಯನ್ನು ಮತ್ತೆ ಬರೆದು, ಆರು ತಿಂಗಳ ಪುಟಗಳನ್ನು ಮೊದಲಿನಿಂದ ಗುರುತು ಹಾಕಬೇಕಾಯಿತು. ಈ ಹೊಂದಾಣಿಕೆಯ ಪರೀಕ್ಷೆಯನ್ನು ಮೊದಲ ವಾರದಲ್ಲೇ ಮಾಡಿಕೊಳ್ಳಿ. ಜೊತೆಗೆ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿರುವ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ತಪ್ಪು ಜಾಗದಲ್ಲಿ ಕೂರುವುದು ನಿಮಗೆ ಗೊತ್ತೇ ಇದೆ. ಕಂಪ್ಯೂಟರಿನಲ್ಲಿ ಪದ ಹುಡುಕಿ ಎಣಿಸುವ ಯೋಚನೆಯಿದ್ದರೆ ಅದನ್ನು ಮೊದಲು ತಿದ್ದಿಕೊಳ್ಳಬೇಕು.

ದೂರದ ಕನ್ನಡಿಗ

ನಾನು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಇದೇ ಶಾಸ್ತ್ರದ ಪಿಎಚ್.ಡಿ.ಯ ನಾಲ್ಕನೆಯ ವರ್ಷದಲ್ಲಿದ್ದೇನೆ. ಇಲ್ಲಿ ಮೊದಲ ಎರಡು ವರ್ಷ ತರಗತಿಗಳು, ಆಮೇಲೆ ಅರ್ಹತಾ ಪರೀಕ್ಷೆ, ನಂತರವೇ ಪ್ರಬಂಧ. ಪದವಿ ತರಗತಿಗಳಲ್ಲಿ ಬೋಧನಾ ಸಹಾಯಕನಾಗಿರುವುದರಿಂದ ನನಗೆ ಶುಲ್ಕವಿಲ್ಲ. ಕೆಲಸ, ಮನೆ ಎರಡನ್ನೂ ಬಿಟ್ಟು ಬರುವುದು ನಿಮ್ಮ ಯೋಚನೆಯಲ್ಲಿ ಇಲ್ಲದ್ದರಿಂದ ಅದನ್ನು ಬೆಳೆಸುವುದಿಲ್ಲ.

ಆದರೆ ಇಲ್ಲಿ ಕಲಿತ ಒಂದು ಸಂಗತಿ ನಿಮಗೆ ನೇರವಾಗಿ ಬೇಕಾಗುತ್ತದೆ. ಮನುಷ್ಯರಿಂದ ಮಾಹಿತಿ ಸಂಗ್ರಹಿಸುವ ಮೊದಲು ನೈತಿಕ ಪರಿಶೀಲನಾ ಮಂಡಳಿಯ ಮುಂದೆ ಅರ್ಜಿ ಇಡಬೇಕು. ಮೇಲಿನ ಮೇಡಂ ಸೂಚಿಸಿದ ವಾಟ್ಸ್ಆ್ಯಪ್ ಗುಂಪಿನ ಸಂದೇಶಗಳನ್ನು ವರದಿಗಾರರು ನಿಮ್ಮನ್ನು ಉಪಸಂಪಾದಕರೆಂದು ನಂಬಿ ಕಳುಹಿಸಿದ್ದಾರೆಯೇ ಹೊರತು ಸಂಶೋಧಕರೆಂದು ತಿಳಿದಲ್ಲ. ಪ್ರತಿಯೊಬ್ಬರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ, ಪ್ರಬಂಧದಲ್ಲಿ ಹೆಸರನ್ನೂ ತಾಲ್ಲೂಕನ್ನೂ ಮರೆಮಾಡಿ. ಅವರ ಸುದ್ದಿಯನ್ನು ತಿದ್ದುವ ಸ್ಥಾನದಲ್ಲಿ ನೀವಿರುವುದರಿಂದ ‘ಇಲ್ಲ’ ಎನ್ನಲು ಅವರಿಗೆ ಕಷ್ಟವಾಗಬಹುದು. ಒಪ್ಪಿಗೆ ಪತ್ರವನ್ನು ಬೇರೊಬ್ಬರ ಮೂಲಕ ಕೇಳಿಸುವುದು ಒಳ್ಳೆಯದು.

ಅತಿಥಿ

ನಾನು ಪಿಎಚ್.ಡಿ. ಮುಗಿಸಿ ಅತಿಥಿ ಉಪನ್ಯಾಸಕನಾಗಿ ಆರು ವರ್ಷವಾಯಿತು. ನಿರುತ್ಸಾಹಗೊಳಿಸುವುದು ಉದ್ದೇಶವಲ್ಲ, ಆದರೆ ಉದ್ಯೋಗದ ಲೆಕ್ಕವನ್ನು ಯಾರೂ ಎತ್ತಲಿಲ್ಲ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2023ರ ಜುಲೈನಿಂದ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ಅಂದರೆ ಕೆ-ಸೆಟ್ ಆಗಿರುವ ನೀವು ಈಗಲೇ ಅರ್ಜಿ ಹಾಕಲು ಅರ್ಹರು. ಸಹ ಪ್ರಾಧ್ಯಾಪಕ ಹುದ್ದೆಗೆ ಮಾತ್ರ ಪಿಎಚ್.ಡಿ. ಬೇಕೇ ಬೇಕು. ಶಿಷ್ಯವೇತನದ ಆಸೆಯಿದ್ದರೆ ಅದೂ ತಿಳಿದಿರಲಿ: ನೆಟ್ ಮೂಲಕ ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ಪಡೆದವರಿಗೆ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಶಿಷ್ಯವೇತನ) ಆದ ಮೇಲೆ 42,000. ಅದು ಪೂರ್ಣಾವಧಿ ಸಂಶೋಧಕರಿಗೆ. ಕೆ-ಸೆಟ್‌ನಿಂದ ಶಿಷ್ಯವೇತನ ಬರುವುದಿಲ್ಲ. ಬಡ್ತಿಗಾಗಿ ಮಾಡುತ್ತೀರೋ, ಪ್ರಶ್ನೆಗಾಗಿ ಮಾಡುತ್ತೀರೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿದ್ದರೆ ನಾನು ಇಷ್ಟು ಕಹಿಯಾಗುತ್ತಿರಲಿಲ್ಲವೇನೋ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಅತಿಥಿ ಅವರೇ, ನೇರವಾಗಿ ಹೇಳಿದ್ದು ಒಳ್ಳೆಯದಾಯಿತು; ಡೆಸ್ಕಿನ ಕೆಲಸ ಬಿಡುವ ಮನಸ್ಸು ನನಗಿಲ್ಲ. ಮೇಡಂ ಹೇಳಿದ ಮೇಲೆ ನಿನ್ನೆ ರಾತ್ರಿ ಪುಟ ಮುಗಿಸಿ, ಬರಿಯ ಎಣಿಕೆಗೆಂದು ಗುಂಪನ್ನು ತೆರೆದು ನೋಡಿದೆ. ಒಟ್ಟು 61 ಸುದ್ದಿಗಳು ಬಂದಿದ್ದವು, ಪುಟಕ್ಕೆ ಹೋದದ್ದು 17. ಧ್ವನಿ ಸಂದೇಶದಲ್ಲಿ ಬಂದ ಒಂಬತ್ತರಲ್ಲಿ ಒಂದನ್ನೂ ನಾನು ಬಳಸಿರಲಿಲ್ಲ. ಕೇಳಿಸಿಕೊಂಡು ಟೈಪಿಸುವ ವ್ಯವಧಾನ ಇಲ್ಲದ್ದೇ ಕಾರಣ, ಸುದ್ದಿ ಸಪ್ಪೆಯೆಂದಲ್ಲ. ಅದರಲ್ಲೊಂದು, ಶಾಲೆಯ ದಾರಿಯ ಕಾಲುಸಂಕ ಕುಸಿದ ಸುದ್ದಿ. ಇಷ್ಟು ವರ್ಷ ಇದನ್ನು ಗಮನಿಸಿಯೇ ಇರಲಿಲ್ಲವೆಂಬುದು ನನಗೇ ಆಶ್ಚರ್ಯ.

ಸೋಮವಾರ ಸಂಪಾದಕರನ್ನು ಕಂಡು ನಿರಾಕ್ಷೇಪಣಾ ಪತ್ರದ ವಿಷಯ ಪ್ರಸ್ತಾಪಿಸುತ್ತೇನೆ. ಒಪ್ಪಿಗೆಗಳೆಲ್ಲ ಬಂದ ಮೇಲೆ ಒಂದು ವಾರದ ಲೆಕ್ಕ ಇಟ್ಟು, ಅದರ ಆಧಾರದ ಮೇಲೆ ಸಿನಾಪ್ಸಿಸ್ ಹೊಸದಾಗಿ ಬರೆಯುತ್ತೇನೆ.

ಕರಡು ತಿದ್ದುವವಳು

ಬಿಟ್ಟ ಸುದ್ದಿಯ ಕಾರಣವನ್ನು ಆ ರಾತ್ರಿಯೇ ಬರೆದಿಡಿ. ಮರುದಿನ ಬೆಳಿಗ್ಗೆ ಕುಳಿತರೆ ‘ವ್ಯವಧಾನ ಇರಲಿಲ್ಲ’ ಎಂಬ ಜಾಗದಲ್ಲಿ ‘ಸುದ್ದಿಮೌಲ್ಯ ಇರಲಿಲ್ಲ’ ಎಂದು ಕೈ ತಾನಾಗಿಯೇ ಬರೆದುಬಿಡುತ್ತದೆ. ಮತ್ತೆ, ಆ ಕಾಲುಸಂಕದ ಸುದ್ದಿಯನ್ನು ಇವತ್ತಿನ ಪುಟಕ್ಕಾದರೂ ಹಾಕಿ.